ಗಡಿಯಾರ ಹಿಂದೆ ಹೋಯಿತು, ಇಂಟರ್ನೆಟ್ ನಿಂತಿತು! ನಿಮ್ಮ ಇಂಥ ಕಥೆಗಳನ್ನೂ ಹೇಳಿ

ಹಳೇಪೆಟ್ಟಿಗೆ | ಶನಿವಾರ ರಾತ್ರಿ 11:42

ಮೂರು ಗಂಟೆ ತಲೆ ಕೆಡಿಸಿಕೊಂಡು ಈಗ ತಾನೇ ಕುರ್ಚಿಯಿಂದ ಎದ್ದೆ. ಯಾರಿಗಾದರೂ ಹೇಳದಿದ್ದರೆ ನಿದ್ದೆ ಬರಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪನ ಹಳೇ ಡೆಸ್ಕ್‌ಟಾಪ್ ಒಂದಿದೆ. 2009ರದ್ದು, ವಿಂಡೋಸ್ 7. ಆರೇಳು ವರ್ಷದಿಂದ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿತ್ತು. ಅದರಲ್ಲಿ ಅಪ್ಪ ಟೈಪ್ ಮಾಡಿದ ಬರಹಗಳಿವೆ ಅಂತ ಗೊತ್ತು, ಎಷ್ಟಿವೆ ಅಂತ ಗೊತ್ತಿಲ್ಲ. ಅವರನ್ನು ಕೇಳೋಣ ಅಂದರೆ ಈಗ ಅವರಿಲ್ಲ. ಇವತ್ತು ಧೂಳು ಹೊಡೆದು ಆನ್ ಮಾಡಿದೆ. ಆನ್ ಆಯಿತು! ಆ ಖುಷಿಯಲ್ಲಿ ನೆಟ್‌ವರ್ಕ್ ಕೇಬಲ್ ಚುಚ್ಚಿ, ಫೈಲುಗಳನ್ನೆಲ್ಲ ಆನ್‌ಲೈನ್ ಡ್ರೈವಿಗೆ ಏರಿಸೋಣ ಅಂತ ಬ್ರೌಸರ್ ತೆರೆದೆ. ಯಾವ ಸೈಟಿಗೆ ಹೋದರೂ ಒಂದೇ ಎಚ್ಚರಿಕೆ: ಈ ಸಂಪರ್ಕ ಸುರಕ್ಷಿತವಲ್ಲ.

ಕಂಪ್ಯೂಟರ್ ಗೊತ್ತು ಅನ್ನೋ ಜಂಬ ಇದೆಯಲ್ಲ, ಅದು ಇಲ್ಲಿಂದ ಆಟ ಶುರು ಮಾಡಿತು. 8.8.8.8 ಅನ್ನೋ ಗೂಗಲ್ ವಿಳಾಸಕ್ಕೆ ಪಿಂಗ್ ಹೊಡೆದೆ (ಇದ್ದೀಯಾ ಅಂತ ಕೇಳೋ ಪುಟ್ಟ ಸಂದೇಶ), ಉತ್ತರ ಬಂತು. ಹೆಸರು ಕೊಟ್ಟು ಪಿಂಗ್ ಹೊಡೆದೆ, ಅದಕ್ಕೂ ಬಂತು. ಅಂದರೆ ಲೈನ್ ಸರಿ, ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್ಎಸ್ ಸರಿ. ಆದರೂ ಡಿಎನ್ಎಸ್ ಬದಲಾಯಿಸಿದೆ. ರೂಟರ್ ಆರಿಸಿ ಹಚ್ಚಿದೆ. ಬ್ರೌಸರ್ ಹಳೇದು ಅಂತ ವಿಂಡೋಸ್ 7ರಲ್ಲಿ ಓಡುವ ಕೊನೆಯ ಆವೃತ್ತಿಯನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದೆ. ಆಂಟಿವೈರಸ್ ಮೇಲೆ ಅನುಮಾನ ಬಂತು, ಕಿತ್ತು ಬಿಸಾಕಿದೆ. ಎಷ್ಟು ಮಾಡಿದರೂ ಅದೇ ಎಚ್ಚರಿಕೆ.

ಕೊನೆಗೆ ಸುಮ್ನೆ ಕಣ್ಣು ಬಲಗಡೆ ಕೆಳಮೂಲೆಗೆ ಹೋಯಿತು. 2009ರ ಜನವರಿ 1, ಬೆಳಗಿನ ಜಾವ 2:51.

ಆನ್ ಮಾಡಿದಾಗ ಅದು ಸೊನ್ನೆಯಿಂದ ಶುರುವಾಗಿತ್ತು. ನಾನು ಹಾಳು ಮಾಡಿದ ಹೊತ್ತಿನ ಲೆಕ್ಕವನ್ನು ಅದೇ ನಿಮಿಷ ನಿಮಿಷ ಬರೆದಿಟ್ಟಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಪ್ರತಿ ಸೈಟಿಗೂ ಒಂದು ಸರ್ಟಿಫಿಕೇಟ್ ಇರುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆದಿರುತ್ತದೆ. ನಮ್ಮ ಕಂಪ್ಯೂಟರ್ ತನ್ನ ಗಡಿಯಾರ ನೋಡಿಕೊಂಡು ಅದನ್ನು ಒಪ್ಪುತ್ತದೆ ಇಲ್ಲವೇ ತಳ್ಳುತ್ತದೆ. 2009ರಲ್ಲಿ ಕೂತ ಕಂಪ್ಯೂಟರಿಗೆ ಈ ವರ್ಷದ ಸರ್ಟಿಫಿಕೇಟ್ ಅಂದರೆ ಇನ್ನೂ ಹುಟ್ಟದ ಮಗು. ಪಾಪ, ಅದು ಹೇಳಿದ್ದು ಸರಿಯಾಗೇ ಇತ್ತು.

ಗಡಿಯಾರ ಕೆಟ್ಟದ್ದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿಯಿಂದ. ಸಿಆರ್2032. 3 ವೋಲ್ಟ್ ಇರಬೇಕು, ಮೀಟರ್ ಹಿಡಿದರೆ 1.1 ತೋರಿಸಿತು. ಮನೆಯಲ್ಲಿ ಒಂದು ಹೊಸದು ಬಿದ್ದಿತ್ತು, ಹಾಕಿದೆ, ತಾರೀಖು ತಿದ್ದಿದೆ. ಎಲ್ಲ ಸೈಟೂ ತೆರೆಯಿತು. ಈಗ ಫೈಲುಗಳು ಏರುತ್ತಿವೆ, ನಾನು ಮಲಗುತ್ತೇನೆ. ಒಳಗಿಂದ ಆಗಾಗ ಟಿಕ್ ಟಿಕ್ ಅಂತ ಸದ್ದು ಬರುತ್ತಿದೆ. ಫ್ಯಾನಿಗೆ ಏನೋ ತಾಗುತ್ತಿರಬೇಕು, ನಾಳೆ ನೋಡಿದರಾಯಿತು.

ನಿಮಗೂ ಹೀಗೆ ಎಲ್ಲ ಹುಡುಕಿ ಕೊನೆಗೆ ಕಾಲ ಬುಡದಲ್ಲೇ ಸಿಕ್ಕ ಕಥೆಗಳು ಇದ್ದೇ ಇರುತ್ತವೆ. ಹೇಳಿ.

ಬಿಟ್‌ಬೈಟ್ | ಶನಿವಾರ ರಾತ್ರಿ 11:58

ಹೊಟ್ಟೆ ಹಿಡಿದು ನಕ್ಕೆ ಸರ್. ಇದರ ಉಲ್ಟಾ ಕಥೆ ನನ್ನದು. ಹಳೇ ಟ್ಯಾಬ್ಲೆಟ್ ಒಂದರಲ್ಲಿ ಗಡಿಯಾರ ಸರಿ, ನೆಟ್ ಸರಿ, ಆದರೂ ಒಂದು ದಿನ ಇದ್ದಕ್ಕಿದ್ದಂತೆ ಅರ್ಧದಷ್ಟು ಸೈಟು ತೆರೆಯೋದು ನಿಂತಿತು. ಆ ದಿನ 2021ರ ಸೆಪ್ಟೆಂಬರ್ 30. ಎಷ್ಟೋ ಸೈಟುಗಳು ನೆಚ್ಚಿಕೊಂಡಿದ್ದ, ಉಳಿದ ಸರ್ಟಿಫಿಕೇಟುಗಳಿಗೆ ಸಾಕ್ಷಿ ಹೇಳುವ ಒಂದು ಮೂಲ ಸರ್ಟಿಫಿಕೇಟಿನ ಅವಧಿ ಅವತ್ತು ಮುಗಿದಿತ್ತು. ಹೊಸ ಮೂಲ ಸರ್ಟಿಫಿಕೇಟ್ ಅಪ್‌ಡೇಟ್ ಸಿಗದ ಹಳೇ ಸಾಧನಗಳೆಲ್ಲ ಅಂಗಳದಲ್ಲೇ ಉಳಿದವು. ನಾನು ಎರಡು ದಿನ ವೈಫೈಯನ್ನು ಬೈದುಕೊಂಡಿದ್ದೆ.

ಈಗಂತೂ ಸರ್ಟಿಫಿಕೇಟುಗಳ ಆಯಸ್ಸು ಇನ್ನೂ ಕಡಿಮೆಯಾಗುತ್ತಿದೆ. 2020ರಿಂದ ಗರಿಷ್ಠ 398 ದಿನ ಇತ್ತು. 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕೆ ಇಳಿಸೋದು ಅಂತ ಬ್ರೌಸರಿನವರು, ಸರ್ಟಿಫಿಕೇಟ್ ಕೊಡುವವರು ಸೇರಿ ತೀರ್ಮಾನ ಮಾಡಿದ್ದಾರೆ. ಆಮೇಲೆ ನಿಮ್ಮ ಗಡಿಯಾರ ಹದಿನೈದು ವರ್ಷ ಹಿಂದೆ ಹೋಗಬೇಕಾಗಿಲ್ಲ. ಒಂದೆರಡು ತಿಂಗಳು ಜಾರಿದರೂ ಇದೇ ಪಾಡು.

ಸುಮ್ನೆಓದುಗ | ಭಾನುವಾರ ಬೆಳಿಗ್ಗೆ 6:20

ಒಂದು ಪೆದ್ದು ಪ್ರಶ್ನೆ. ವಿಂಡೋಸ್ ತಾನೇ ಇಂಟರ್ನೆಟ್ಟಿನಿಂದ ಸಮಯ ತಗೊಂಡು ಸರಿಮಾಡಿಕೊಳ್ಳಲ್ವಾ?

ಬಿಟ್‌ಬೈಟ್ | ಭಾನುವಾರ ಬೆಳಿಗ್ಗೆ 6:41

ಪೆದ್ದು ಪ್ರಶ್ನೆ ಅಲ್ಲವೇ ಅಲ್ಲ. ತಗೊಳ್ಳುತ್ತದೆ, ಆದರೆ ಸಣ್ಣಪುಟ್ಟ ವ್ಯತ್ಯಾಸ ಇದ್ದರೆ ಮಾತ್ರ. ವರ್ಷಗಟ್ಟಲೆ ಅಂತರ ಕಂಡರೆ ಹಳೇ ವಿಂಡೋಸ್ ಅದನ್ನು ನಂಬುವುದಿಲ್ಲ. ಯಾರೋ ಸುಳ್ಳು ಸಮಯ ಕಳಿಸಿ ಮೋಸ ಮಾಡುತ್ತಿರಬಹುದಲ್ಲ, ಅದಕ್ಕೆ. ಅಂಥ ಹೊತ್ತಿನಲ್ಲಿ ಕೈಯಾರೆ ತಿದ್ದಬೇಕು.

ತಂತಿಗಾರ | ಭಾನುವಾರ ಬೆಳಿಗ್ಗೆ 7:05

ನನ್ನದು ಕೇಬಲ್ ಕಥೆ. ಮನೆಗೆ 300 ಎಂಬಿಪಿಎಸ್ ಸಂಪರ್ಕ. ಲ್ಯಾಪ್‌ಟಾಪಿನಲ್ಲಿ ವೈಫೈಗೆ 250ರ ಹತ್ತಿರ ಬರುತ್ತದೆ. ಕೇಬಲ್ ಹಾಕಿದ ಡೆಸ್ಕ್‌ಟಾಪಿನಲ್ಲಿ 94. ಬೆಳಿಗ್ಗೆ 94, ಮಧ್ಯರಾತ್ರಿ 94. ತಂತಿಗಿಂತ ಗಾಳಿ ವೇಗವೇ? ನನ್ನ ಹೆಸರಿಗೇ ಅವಮಾನ.

ಡ್ರೈವರ್ ಬದಲಾಯಿಸಿದೆ. ರೂಟರಿನ ಬೇರೆ ಕಿಂಡಿಗೆ ಚುಚ್ಚಿದೆ. ಕಂಪನಿಗೆ ಫೋನ್ ಮಾಡಿ ಸ್ವಲ್ಪ ಜಗಳವನ್ನೂ ಆಡಿದೆ. ಆಮೇಲೆ ಹೊಳೆಯಿತು, ಉತ್ತರ ಆ ಅಂಕಿಯಲ್ಲೇ ಇದೆ. ನಿಜವಾಗಿ ಲೈನ್ ನಿಧಾನವಾಗಿದ್ದರೆ ಅಂಕಿ ಏರಿಳಿಯಬೇಕು. ಒಂದೇ ಕಡೆ ಗೂಟ ಹೊಡೆದಂತೆ ನಿಂತರೆ ಎಲ್ಲೋ ಯಾವುದೋ ಮಿತಿ ತಾಗಿದೆ ಅಂತ ಅರ್ಥ.

ನೆಟ್‌ವರ್ಕ್ ಕೇಬಲಿನಲ್ಲಿ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್‌ ಅಂದರೆ 1000 ಎಂಬಿಪಿಎಸ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು. ಆ ಎರಡು ಬಿಟ್ಟು ಉಳಿದ ಜೋಡಿಗಳಲ್ಲಿ ಒಂದು ತುಂಡಾದರೆ ಎರಡೂ ತುದಿಯವರು ಮಾತಾಡಿಕೊಂಡು 100ಕ್ಕೆ ಇಳಿದುಬಿಡುತ್ತಾರೆ. ಸಂಪರ್ಕ ಕಡಿಯಲ್ಲ, ಎಚ್ಚರಿಕೆಯೂ ಬರಲ್ಲ. ಇನ್ನು 100 ಅಲ್ಲದೆ 94 ಯಾಕೆ ಅಂದರೆ, ತಂತಿಯ ಮೇಲೆ 1538 ಬೈಟು ಹೋದರೆ ಅದರಲ್ಲಿ ನಿಜವಾದ ಸರಕು 1460, ಕೆಲವೊಮ್ಮೆ ಇನ್ನೂ ಹತ್ತಿಪ್ಪತ್ತು ಕಡಿಮೆ. ಉಳಿದದ್ದು ವಿಳಾಸ, ಲಕೋಟೆ, ಮಧ್ಯದ ಖಾಲಿ ಜಾಗ. ಭಾಗಿಸಿ ನೋಡಿ, 94ರ ಆಸುಪಾಸಿಗೇ ಬರುತ್ತದೆ.

ಬಾಗಿಲ ಸಂದಿಯಲ್ಲಿ ಕೇಬಲ್ ಜಜ್ಜಿಹೋಗಿತ್ತು. ಎಷ್ಟು ಸಲ ಆ ಬಾಗಿಲನ್ನು ನಾನೇ ದಢಾರ್ ಅಂತ ಹಾಕಿದ್ದೆನೋ.

ಹೊಸದು_ತಗೊಳ್ಳಿ | ಭಾನುವಾರ ಬೆಳಿಗ್ಗೆ 8:30

ಕಥೆಯೆಲ್ಲ ಚೆನ್ನಾಗಿದೆ, ಆದರೆ ಯಾರೂ ಹೇಳಬೇಕಾದ್ದನ್ನು ಹೇಳುತ್ತಿಲ್ಲ. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಥ ಯಂತ್ರವನ್ನು ಆಂಟಿವೈರಸ್ ಕಿತ್ತುಹಾಕಿ ರಾತ್ರಿಯಿಡೀ ಇಂಟರ್ನೆಟ್ಟಿಗೆ ಬಿಟ್ಟು ಮಲಗಿದ್ದೀರಿ. ಅದರಲ್ಲೇ ನಿಮ್ಮ ಆನ್‌ಲೈನ್ ಡ್ರೈವಿನ ಪಾಸ್‌ವರ್ಡನ್ನೂ ಹಾಕಿದ್ದೀರಿ. ಹಳೇ ಪೆಟ್ಟಿಗೆ ಮೇಲೆ ಪ್ರೀತಿ ಇರಲಿ, ಆದರೆ ಇದು ಸರಿಯಲ್ಲ.

ಒಂಟಿಸೆಕ್ಟರ್ | ಭಾನುವಾರ ಬೆಳಿಗ್ಗೆ 8:47

ಮೇಲಿನವರ ಮಾತು ಒಪ್ಪುತ್ತೇನೆ. ಆದರೆ ಅದಕ್ಕಿಂತ ದೊಡ್ಡ ಗಂಡಾಂತರ ನಿಮ್ಮ ಪೋಸ್ಟಿನ ಕೊನೆಯಲ್ಲಿದೆ.

ಟಿಕ್ ಟಿಕ್ ಅಂದಿರಲ್ಲ, ಫ್ಯಾನ್ ಆದರೆ ಆಗಾಗ ಬರಲ್ಲ, ಒಂದೇ ಸಮ ಬರುತ್ತದೆ. ಬಿಟ್ಟು ಬಿಟ್ಟು ಬರುವ ಟಿಕ್ ಅಂದರೆ ಹಾರ್ಡ್ ಡಿಸ್ಕಿನ ಹೆಡ್ಡು ಓದಲಾಗದೆ ವಾಪಸ್ ಹೋಗಿ ಮತ್ತೆ ಬರುವ ಸದ್ದು. ದಯವಿಟ್ಟು ಈಗಲೇ ಆಫ್ ಮಾಡಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ಹಳೇಪೆಟ್ಟಿಗೆ | ಭಾನುವಾರ ಬೆಳಿಗ್ಗೆ 9:15

ಈಗ ನೋಡಿದೆ. ಎದೆ ಧಸಕ್ಕೆಂದಿತು. 340 ಫೈಲಿನಲ್ಲಿ 61 ಏರಿದ್ದವು, 62ನೆಯದಕ್ಕೆ ರಾತ್ರಿ ಒಂದೂವರೆಯಿಂದ ಹಾಗೇ ನಿಂತಿದೆ. ಪರದೆಯ ಮೇಲೆ ‘ಡಿಸ್ಕ್ ಪರೀಕ್ಷಿಸಿ ಸರಿಪಡಿಸಲೇ’ ಅಂತ ಕೇಳುತ್ತಿತ್ತು. ಹೌದು ಅನ್ನುವವನಿದ್ದೆ, ನಿಮ್ಮ ಮಾತು ನೆನಪಾಗಿ ಆಫ್ ಮಾಡಿದೆ. ಈಗೇನು ಮಾಡಲಿ?

ಪಾಸ್‌ವರ್ಡ್ ಬದಲಾಯಿಸಿದೆ. ಬೈದಿದ್ದಕ್ಕೆ ಥ್ಯಾಂಕ್ಸ್, ನಿಜವಾಗಿ ಹೇಳುತ್ತಿದ್ದೇನೆ.

ಕೀಲಿಮಣಿ | ಭಾನುವಾರ ಬೆಳಿಗ್ಗೆ 9:22

ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿ ಒಂದು ರಾತ್ರಿ ಇಡಿ. ನನ್ನ ಗೆಳೆಯನಿಗೆ ಇದರಿಂದಲೇ ಫೋಟೋ ಸಿಕ್ಕವು.

ಒಂಟಿಸೆಕ್ಟರ್ | ಭಾನುವಾರ ಬೆಳಿಗ್ಗೆ 9:40

ಬೇಡ, ಬೇಡ, ಬೇಡ. ತಣ್ಣಗಾದ ಡಿಸ್ಕನ್ನು ಹೊರಗೆ ತೆಗೆದ ಕೂಡಲೇ ಒಳಗೆ ತೇವ ಕೂರುತ್ತದೆ. ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಹೆಡ್ಡು ಅದರ ಮೇಲೆ ಕೂದಲಿಗಿಂತ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತದೆ. ಅಲ್ಲಿ ಒಂದು ಹನಿ ನೀರು ಅಂದರೆ ಓಡುವ ಗಾಡಿಗೆ ಬಂಡೆ ಅಡ್ಡ ಬಂದ ಹಾಗೆ. ಗೆಳೆಯರ ಅದೃಷ್ಟ ಚೆನ್ನಾಗಿತ್ತು, ಅಷ್ಟೇ.

‘ಸರಿಪಡಿಸಲೇ’ ಅಂದಾಗ ಹೌದು ಅನ್ನದೆ ಉಳಿಸಿಕೊಂಡಿರಿ. ಆ ಪ್ರೋಗ್ರಾಂ ಡಿಸ್ಕ್ ಗಟ್ಟಿಯಾಗಿದೆ ಅಂತ ನಂಬಿ ಕೆಲಸ ಮಾಡುತ್ತದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಬರೆದು, ಅಳಿಸಿ, ಇರುವುದನ್ನೂ ಕಳೆಯುತ್ತದೆ.

ಈಗ ಹೀಗೆ ಮಾಡಿ. ಡಿಸ್ಕ್ ಬಿಚ್ಚಿ ಚೆನ್ನಾಗಿರುವ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ. ವಿಂಡೋಸ್ ಬೇಡ. ಅದು ಡಿಸ್ಕ್ ಕಂಡ ಕೂಡಲೇ ಒಳಗೆ ಕೈ ಹಾಕುತ್ತದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಅನ್ನುವ ಬೇರೆ ಕಾರ್ಯಾಚರಣೆ ವ್ಯವಸ್ಥೆ ಹಚ್ಚಿ. ಅದರಲ್ಲಿ ಗ್ನೂ ಡಿಡಿರೆಸ್ಕ್ಯೂ ಅನ್ನುವ ಉಪಕರಣ ಹಾಕಿಕೊಳ್ಳಿ. ಅದು ಫೈಲುಗಳನ್ನು ನೋಡುವುದೇ ಇಲ್ಲ, ಇಡೀ ಡಿಸ್ಕನ್ನು ತುದಿಯಿಂದ ತುದಿಗೆ ಒಂದು ದೊಡ್ಡ ಇಮೇಜ್ ಫೈಲಾಗಿ ನಕಲು ಮಾಡುತ್ತದೆ. ಅದರ ಜಾಣತನ ಏನು ಅಂದರೆ, ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಗುದ್ದಾಡುತ್ತಾ ಕೂರಲ್ಲ. ದಾಟಿ ಮುಂದೆ ಹೋಗುತ್ತದೆ. ಮೊದಲು ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಂಡು, ಆಮೇಲೆ ಕಷ್ಟದ ಜಾಗಗಳಿಗೆ ವಾಪಸ್ ಬರುತ್ತದೆ. ಎಲ್ಲಿ ಏನಾಯಿತು ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದುಕೊಳ್ಳುತ್ತದೆ. ಕರೆಂಟು ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಮ್ಯಾಪ್ ಫೈಲಿನ ಹೆಸರು ಕೊಡದೆ ಶುರು ಮಾಡಿದಿರೋ, ಕೆಟ್ಟಿರಿ.

ಇನ್ನೊಂದು, ಇದು ಮುಖ್ಯ. ಆ ಆದೇಶದಲ್ಲಿ ಮೂಲ ಮೊದಲು, ಗುರಿ ಆಮೇಲೆ. ಗುರಿಯಾಗಿ ಫೈಲನ್ನೇ ಕೊಡಿ, ಡಿಸ್ಕನ್ನು ಕೊಡಬೇಡಿ. ಅದಲುಬದಲು ಮಾಡಿಕೊಂಡು ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಬರೆದವರನ್ನು ನಾನು ಕಂಡಿದ್ದೇನೆ. ಅವರು ಯಾರು ಅಂತ ಕೇಳಬೇಡಿ, ಕನ್ನಡಿಯಲ್ಲಿ ದಿನಾ ಸಿಗುತ್ತಾರೆ. ಎರಡು ಸಲ ಗಾತ್ರ ನೋಡಿ, ಡಿಸ್ಕಿನ ಮೇಲಿನ ಸೀರಿಯಲ್ ನಂಬರ್ ತಾಳೆ ಹಾಕಿ, ಆಮೇಲೆ ಎಂಟರ್ ಒತ್ತಿ.

ಡಿಸ್ಕ್ ಶಬ್ದ ಜೋರಾದರೆ, ಇಲ್ಲವೇ ಗಾತ್ರವನ್ನೇ ತೋರಿಸದಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಡೇಟಾ ತೆಗೆಯುವ ಪ್ರಯೋಗಾಲಯಕ್ಕೇ ಕೊಡಬೇಕು.

ಸುಮ್ನೆಓದುಗ | ಭಾನುವಾರ ಬೆಳಿಗ್ಗೆ 10:10

ನಾನೂ ಭಯಕ್ಕೆ ನನ್ನ ಡಿಸ್ಕ್ ನೋಡಿದೆ. 1 ಟಿಬಿ ಅಂತ ಮೇಲೆ ಬರೆದಿದೆ, ಒಳಗೆ 931 ಜಿಬಿ ತೋರಿಸುತ್ತಿದೆ. ಉಳಿದದ್ದು ಕೆಟ್ಟುಹೋಗಿದೆಯಾ?

ತಂತಿಗಾರ | ಭಾನುವಾರ ಬೆಳಿಗ್ಗೆ 10:14

ಇಲ್ಲ ಮಾರಾಯ್ರೇ, ಭಯ ಬೇಡ. ಡಿಸ್ಕ್ ಮಾಡಿದವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಡಿಸ್ಕ್ ಅದೇ, ಅಳತೆಗೋಲು ಬೇರೆ. ನಿಮ್ಮ ಡಿಸ್ಕಿನ ಆರೋಗ್ಯ ನೋಡಬೇಕಾದರೆ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ಅಂಕಿಗಳನ್ನು ನೋಡಿ. ಕೆಟ್ಟ ಜಾಗಗಳ ಲೆಕ್ಕ ಹೇಳುವ 5, 197, 198 ಈ ಮೂರು ಸಾಲುಗಳ ಕಚ್ಚಾ ಸಂಖ್ಯೆ ಸೊನ್ನೆ ಇದ್ದರೆ ನೆಮ್ಮದಿ. 197 ಏರುತ್ತಾ ಹೋದರೆ ಅವತ್ತೇ ನಕಲು ಮಾಡಿಕೊಳ್ಳಿ.

ಹಳೇಪೆಟ್ಟಿಗೆ | ಸೋಮವಾರ ಬೆಳಿಗ್ಗೆ 7:30

ವರದಿ. ಡಿಸ್ಕ್ 160 ಜಿಬಿ. ನಿನ್ನೆ ಮಧ್ಯಾಹ್ನ ಶುರು ಮಾಡಿದೆ. ಮೂಲ, ಗುರಿ ಎರಡನ್ನೂ ಕಾಗದದ ಮೇಲೆ ಬರೆದುಕೊಂಡು, ಜೋರಾಗಿ ಓದಿಕೊಂಡು ಎಂಟರ್ ಒತ್ತಿದೆ. ಮೊದಲ ಒಂದು ಗಂಟೆಯಲ್ಲೇ 99 ಶೇಕಡಾ ದಾಟಿತು. ನಾನು ಕುಣಿದೆ. ಆಮೇಲಿನ ಹದಿನಾರು ಗಂಟೆ ಉಳಿದ ಒಂದು ಶೇಕಡಾಕ್ಕೆ. ಟಿಕ್, ಟಿಕ್, ನಿಶ್ಶಬ್ದ, ಟಿಕ್. ಆ ಸದ್ದಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ನಿಂತಾಗ ಓದಲಾಗದೆ ಉಳಿದದ್ದು 38 ಎಂಬಿ.

ಆ 38 ಎಂಬಿಯಲ್ಲಿ ಅಪ್ಪನ ಯಾವ ಫೈಲು ಇದೆ ಅಂತ ತಿಳಿಯೋದು ಹೇಗೆ?

ಒಂಟಿಸೆಕ್ಟರ್ | ಸೋಮವಾರ ಬೆಳಿಗ್ಗೆ 8:02

ಭೇಷ್! ಇಮೇಜಿನ ಇನ್ನೊಂದು ನಕಲು ತೆಗೆಯಿರಿ, ಇದನ್ನು ಮುಟ್ಟಬೇಡಿ. ಆ ಎರಡನೇ ನಕಲಿನ ಮೇಲೆ ಡಿಡಿರೆಸ್ಕ್ಯೂನ ಫಿಲ್ ಮೋಡ್ ಓಡಿಸಿ. ಮ್ಯಾಪ್ ಫೈಲು ನೋಡಿಕೊಂಡು ಕೆಟ್ಟ ಜಾಗಗಳಲ್ಲೆಲ್ಲ ನೀವು ಕೊಟ್ಟ ಒಂದು ವಿಚಿತ್ರ ಪದವನ್ನು ತುಂಬುತ್ತದೆ. ಆಮೇಲೆ ಇಮೇಜನ್ನು ಓದಲು ಮಾತ್ರ ಅಂತ ತೆರೆದು, ಆ ಪದ ಯಾವ ಫೈಲಿನೊಳಗೆ ಇದೆ ಅಂತ ಹುಡುಕಿ. ಸಿಕ್ಕಿದ್ದೇ ಕೆಟ್ಟ ಫೈಲು.

ಹೊಸದು_ತಗೊಳ್ಳಿ | ಸೋಮವಾರ ಬೆಳಿಗ್ಗೆ 9:10

ಇಷ್ಟೆಲ್ಲ ಕಷ್ಟ ಯಾಕೆ ಅಂತೀನಿ. ಮೊದಲಿಂದಲೇ ಎಲ್ಲವನ್ನೂ ಆನ್‌ಲೈನ್ ಡ್ರೈವಿಗೆ ಸಿಂಕ್ ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಐದು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ. ಬ್ಯಾಕಪ್ ಅಂತ ತಲೆ ಕೆಡಿಸಿಕೊಂಡಿಲ್ಲ.

ಬಿಟ್‌ಬೈಟ್ | ಸೋಮವಾರ ಬೆಳಿಗ್ಗೆ 9:35

ಸಿಂಕ್ ಅಂದರೆ ಕನ್ನಡಿ ಸರ್. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ನನ್ನ ತಂಗಿ ಫೋನಿನಲ್ಲಿ ಜಾಗ ಸಾಲದು ಅಂತ ಫೋಟೋ ಅಳಿಸಿದಳು. ಆನ್‌ಲೈನಿನಲ್ಲಿ ಇದೆಯಲ್ಲ ಅನ್ನೋ ಧೈರ್ಯ. ಅಲ್ಲಿಂದಲೂ ಹೋದವು. ಗೊತ್ತಾದದ್ದು ಮೂರು ತಿಂಗಳ ಮೇಲೆ, ಅಷ್ಟರಲ್ಲಿ ಕಸದ ಬುಟ್ಟಿಯೂ ಖಾಲಿ. ಫೈಲನ್ನು ಗೂಢಲಿಪಿ ಮಾಡಿ ಹಣ ಕೇಳುವ ವೈರಸ್ ಬಂದರೂ ಅಷ್ಟೇ. ಕೆಟ್ಟ ಫೈಲೇ ಭಕ್ತಿಯಿಂದ ಸಿಂಕ್ ಆಗುತ್ತದೆ.

ಮೂರು ನಕಲು, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ. ಪೀಟರ್ ಕ್ರೋಗ್ ಅನ್ನುವ ಫೋಟೋಗ್ರಾಫರ್ ಈ 3-2-1 ಲೆಕ್ಕವನ್ನು ಹೇಳಿಕೊಟ್ಟರು. ಸಿಂಕನ್ನು ಅದರಲ್ಲಿ ಒಂದು ಅಂತ ಎಣಿಸಿ, ಮೂರೂ ಅಂತಲ್ಲ.

ಹೊಸದು_ತಗೊಳ್ಳಿ | ಸೋಮವಾರ ಬೆಳಿಗ್ಗೆ 9:52

ಹಳೇ ಆವೃತ್ತಿಗಳು ಕೆಲವು ದಿನ ಉಳಿಯುತ್ತವೆ, ವಾಪಸ್ ತರಬಹುದು. ಅದನ್ನು ನೀವು ಹೇಳಲಿಲ್ಲ.

ಬಿಟ್‌ಬೈಟ್ | ಸೋಮವಾರ ಬೆಳಿಗ್ಗೆ 9:58

ಹೌದು, ಕೆಲವು ದಿನ. ನನ್ನ ತಂಗಿಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ ಅಂದೆನಲ್ಲ.

ಹಳೇಪೆಟ್ಟಿಗೆ | ಸೋಮವಾರ ರಾತ್ರಿ 10:20

ಜಗಳ ಸಾಕು, ಹೊಸ ಸಮಸ್ಯೆ ತಂದಿದ್ದೇನೆ. ಗುರುತಿನ ಪದ ಹಾಕಿ ಹುಡುಕಿದೆ. ಅಪ್ಪನ 340ರಲ್ಲಿ ಕೆಟ್ಟದ್ದು ಎರಡೇ. ಆದರೆ ಚೆನ್ನಾಗಿರುವ ಫೈಲು ತೆರೆದರೂ ಕನ್ನಡ ಇಲ್ಲ! ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟು ಎಳೆದ ಎ, ಪೌಂಡಿನ ಚಿಹ್ನೆ. ಪುಟಗಟ್ಟಲೆ ಹೀಗೇ. ಇದೂ ಡಿಸ್ಕಿನ ಏಟೇ?

ಅಕ್ಷರಪ್ರೀತಿ | ಸೋಮವಾರ ರಾತ್ರಿ 10:44

ಅಯ್ಯೋ ಇಲ್ಲ ಸರ್, ನಿಮ್ಮ ಫೈಲು ಗುಂಡುಕಲ್ಲಿನ ಹಾಗಿದೆ. ಪಿ ಮತ್ತು ಗೀಟಿನ ಎ ಸೇರಿದರೆ ‘ಕ’. ನನಗೆ ಅದು ಈಗ ಹಾಗೇ ಓದಲು ಬರುತ್ತದೆ, ಅಷ್ಟು ವರ್ಷ ಇದರ ಜೊತೆ ಗುದ್ದಾಡಿದ್ದೇನೆ.

ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ ಎಲ್ಲ ಕಡೆ ಬರುವ ಮುಂಚೆ ಕನ್ನಡ ಟೈಪಿಂಗ್ ಅಂದರೆ ಒಂದು ವೇಷ. ಫೈಲಿನ ಒಳಗೆ ಇರುತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳೇ. ಫಾಂಟು ಮಾತ್ರ ಆ ಸಂಖ್ಯೆಗೆ ಕನ್ನಡದ ಆಕಾರ ಬಿಡಿಸುತ್ತಿತ್ತು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳುತ್ತದೆ. ಶ್ರೀಲಿಪಿ ತಂತ್ರಾಂಶದಲ್ಲಿ ಬರೆದದ್ದಕ್ಕೆ ನುಡಿ ತಂತ್ರಾಂಶದ ಫಾಂಟು ಹಾಕಿದರೂ ಅರ್ಥ ಸಿಗಲ್ಲ, ಒಂದೊಂದರ ಸಂಖ್ಯೆ ಜೋಡಣೆ ಒಂದೊಂದು ಥರ. ಯೂನಿಕೋಡಿನಲ್ಲಿ ಕನ್ನಡಕ್ಕೆ ಅಂತಲೇ ಒಂದು ಸಾಲು ಮನೆ ಇದೆ, 128 ಜಾಗ. ‘ಕನ್ನಡ’ ಅಂದರೆ ಕ, ನ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ), ನ, ಡ, ಹೀಗೆ ಐದು ಸಂಕೇತ. ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಒಂದಕ್ಕೆ ಮೂರು ಬೈಟು, ಒಟ್ಟು ಹದಿನೈದು. ಸ್ವಲ್ಪ ದಪ್ಪ, ಆದರೆ ಯಾವ ಯಂತ್ರಕ್ಕೆ ಕೊಟ್ಟರೂ ಕನ್ನಡವೇ.

ಮೊದಲು ಡಾಕ್ಯುಮೆಂಟ್ ತೆರೆದು ಒಂದು ಪದ ಆರಿಸಿ, ಮೇಲೆ ಫಾಂಟಿನ ಹೆಸರು ನೋಡಿ. ಫಾಂಟು ಇಲ್ಲದಿದ್ದರೂ ಹೆಸರು ಇರುತ್ತದೆ. ಅದಕ್ಕೆ ತಕ್ಕ ಪರಿವರ್ತಕ ಬಳಸಿ. ಆದರೆ ಬರೀ ಪಠ್ಯವನ್ನು ಕಾಪಿ ಮಾಡಿ ಪರಿವರ್ತಕಕ್ಕೆ ಹಾಕಬೇಡಿ. ಅಪ್ಪ ಮಧ್ಯೆ ಇಂಗ್ಲಿಷ್ ಪದ ಬರೆದಿದ್ದರೆ ಅದರ ಫಾಂಟು ಬೇರೆ ಇರುತ್ತದೆ. ಬರೀ ಪಠ್ಯದಲ್ಲಿ ಆ ಗುರುತು ಹೋಗುತ್ತದೆ, ಪರಿವರ್ತಕ ಇಂಗ್ಲಿಷನ್ನೂ ಕನ್ನಡ ಅಂದುಕೊಂಡು ಚಿತ್ರಾನ್ನ ಮಾಡುತ್ತದೆ. ಫಾಂಟು ನೋಡಿ ಬದಲಾಯಿಸುವ ಪರಿವರ್ತಕವೇ ಬೇಕು.

ಆಮೇಲೆ ಅರ್ಕಾವತ್ತು ಪರೀಕ್ಷೆ ಮಾಡಿ. ಹಳೇ ಫಾಂಟಿನಲ್ಲಿ ‘ಸೂರ್ಯ’ ಬರೆಯುವಾಗ ಸೂ, ಯ, ಕೊನೆಗೆ ಅರ್ಕಾವತ್ತು. ಕಣ್ಣಿಗೆ ಕಂಡ ಕ್ರಮ. ಯೂನಿಕೋಡಿನಲ್ಲಿ ನಾಲಿಗೆಯ ಕ್ರಮ, ರ್ ಮೊದಲು ಯ ಆಮೇಲೆ. ಒಳ್ಳೆಯ ಪರಿವರ್ತಕ ಇದನ್ನು ತಿರುಗಿಸಿ ಕೂರಿಸುತ್ತದೆ. ಕೆಟ್ಟದ್ದಾದರೆ ಸೂರ್ಯ ಎಡವಿ ಬಿದ್ದಿರುತ್ತಾನೆ. ಮೂಲ ಫೈಲು ಮಾತ್ರ ಯಾವತ್ತೂ ಅಳಿಸಬೇಡಿ.

ಕೀಲಿಮಣಿ | ಸೋಮವಾರ ರಾತ್ರಿ 11:03

ಮೇಡಂ, ವಿಷಯ ಬಂತು ಅಂತ ಕೇಳುತ್ತಿದ್ದೇನೆ. ನನ್ನ ಯೂನಿಕೋಡ್ ಫೈಲಿನಲ್ಲೇ ‘ಸಾಫ್ಟ್‌ವೇರ್’ ಅಂತ ಹುಡುಕಿದರೆ ಅರ್ಧ ಸಿಗುತ್ತವೆ, ಅರ್ಧ ಸಿಗಲ್ಲ. ಕಣ್ಣೆದುರೇ ಇದೆ!

ಅಕ್ಷರಪ್ರೀತಿ | ಸೋಮವಾರ ರಾತ್ರಿ 11:11

ಸಿಗದೆ ಹೋದವುಗಳನ್ನು ಸರಿಯಾಗಿ ನೋಡಿ. ಟ್ ಆದ ಮೇಲೆ ವೇ ಬೇರೆಯಾಗಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು. ಅದನ್ನು ಹಾಕದಿದ್ದರೆ ವ ಹೋಗಿ ಟಕ್ಕೆ ಒತ್ತಾಗಿ ಅಂಟಿಕೊಳ್ಳುತ್ತದೆ. ನೀವು ಕೆಲವು ಕಡೆ ಹಾಕಿದ್ದೀರಿ, ಕೆಲವು ಕಡೆ ಬಿಟ್ಟಿದ್ದೀರಿ. ಕಂಪ್ಯೂಟರಿಗೆ ಅವೆರಡೂ ಬೇರೆ ಪದ. ‘ಸಾಫ್’ ಅಂತಷ್ಟೇ ಹುಡುಕಿ, ಎಲ್ಲ ಸಿಗುತ್ತವೆ.

ಹಳೇಪೆಟ್ಟಿಗೆ | ಗುರುವಾರ ರಾತ್ರಿ 9:50

ಮೂರು ದಿನದಿಂದ ಸದ್ದಿಲ್ಲ, ಕ್ಷಮಿಸಿ. ಫೈಲುಗಳು ಕನ್ನಡವಾದವು. ಇಂಗ್ಲಿಷ್ ಪದಗಳೂ ಉಳಿದವು. ಸೂರ್ಯ ಬಿದ್ದಿಲ್ಲ.

ಓದಲು ಕೂತೆ. ಅಪ್ಪ ತಮ್ಮ ಹುಡುಗತನದಿಂದ ಶುರು ಮಾಡಿ ಒಂದೊಂದೇ ನೆನಪು ಬರೆದಿದ್ದಾರೆ. ಒಂದು ಫೈಲಿಗೆ ಒಂದು ನೆನಪು. ಹೆಸರು ಮಾತ್ರ ‘ಹೊಸದು’, ‘ಹೊಸದು 2’, ‘ಮುಂದಿನದು’, ‘ಮುಂದಿನದು ಬೇರೆ’. ಯಾವುದು ಮೊದಲು, ಯಾವುದು ಆಮೇಲೆ? ತಾರೀಖಿನ ಪ್ರಕಾರ ಜೋಡಿಸಿದರಾಯಿತು ಅಂದುಕೊಂಡೆ. ಜೋಡಿಸಿ ನೋಡಿ ಸುಮ್ಮನೆ ಕೂತುಬಿಟ್ಟೆ.

ಮೊದಲ ನೂರಿಪ್ಪತ್ತು ಫೈಲು ಸರಿ ಇವೆ. ಉಳಿದವೆಲ್ಲ 2009ರ ಜನವರಿ 1. ಒಂದು ಬೆಳಗಿನ ಜಾವ 0:40, ಇನ್ನೊಂದು 1:15, ಮತ್ತೊಂದು 0:32.

ಆ ಬ್ಯಾಟರಿ ಈಗ ಸತ್ತದ್ದಲ್ಲ. ಅಪ್ಪ ಬರೆಯುತ್ತಿದ್ದಾಗಲೇ ಸತ್ತಿತ್ತು. ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸುವುದು ಅವರ ಅಭ್ಯಾಸ. ಆರಿಸಿದ ಕೂಡಲೇ ಗಡಿಯಾರ ಮರೆತುಹೋಗುತ್ತಿತ್ತು. ಇಂಟರ್ನೆಟ್ ಬಳಸುತ್ತಿರಲಿಲ್ಲ, ಹಾಗಾಗಿ ಯಾವ ಎಚ್ಚರಿಕೆಯೂ ಬರಲಿಲ್ಲ. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಷ್ಟೋ ವರ್ಷ ಅವರು ಅದೇ ಒಂದು ರಾತ್ರಿಯಲ್ಲಿ ಕೂತು ಬರೆದಿದ್ದಾರೆ.

ಒಂಟಿಸೆಕ್ಟರ್ | ಗುರುವಾರ ರಾತ್ರಿ 10:15

ಸರ್, ಒಂದು ದಾರಿ ಇದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಅನ್ನುವ ಫೈಲು ಜೋಡಣೆ ಇರುವ ಡಿಸ್ಕಿನಲ್ಲಿ ಪ್ರತಿ ಫೈಲಿಗೂ ಒಂದು ದಾಖಲೆ ಸಂಖ್ಯೆ ಇರುತ್ತದೆ. ಫೈಲು ಹುಟ್ಟಿದಾಗ ಖಾಲಿ ಇರುವ ಸಂಖ್ಯೆ ಸಿಗುತ್ತದೆ. ಗಡಿಯಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಲಿನಕ್ಸಿನಲ್ಲಿ ಇಮೇಜ್ ತೆರೆದಿದ್ದೀರಲ್ಲ, ಫೈಲುಗಳ ಪಟ್ಟಿ ಕೇಳುವ ಆದೇಶಕ್ಕೆ (ls) ಇಂಗ್ಲಿಷಿನ ‘-i’ ಅಂತ ಒಂದು ಸೇರಿಸಿ. ಪ್ರತಿ ಹೆಸರಿನ ಮುಂದೆ ಆ ಸಂಖ್ಯೆ ಬರುತ್ತದೆ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ.

ಪೂರ್ತಿ ನಂಬಬೇಡಿ. ಮಧ್ಯೆ ಏನಾದರೂ ಅಳಿಸಿದ್ದರೆ ಆ ಹಳೇ ಸಂಖ್ಯೆ ಮತ್ತೆ ಬೇರೆಯವರಿಗೆ ಸಿಗುತ್ತದೆ. ಆದರೆ ನಿಮ್ಮ ಹತ್ತಿರ ಅಳತೆಗೋಲು ಇದೆ. ಸರಿಯಾದ ತಾರೀಖಿರುವ ಆ ನೂರಿಪ್ಪತ್ತನ್ನು ಮೊದಲು ಸಂಖ್ಯೆಯ ಪ್ರಕಾರ ಜೋಡಿಸಿ, ತಾರೀಖಿಗೆ ತಾಳೆಯಾಗುತ್ತದಾ ನೋಡಿ. ಅವು ಹೊಂದಿದರೆ ಉಳಿದವೂ ಬಹುಪಾಲು ಹೊಂದುತ್ತವೆ.

ಹಳೇಪೆಟ್ಟಿಗೆ | ಶುಕ್ರವಾರ ಬೆಳಗಿನ ಜಾವ 1:25

ನೂರಿಪ್ಪತ್ತರಲ್ಲಿ ನಾಲ್ಕು ಮಾತ್ರ ಹೊಂದಲಿಲ್ಲ. ಉಳಿದ ಎಲ್ಲವೂ ಸಾಲಾಗಿ ನಿಂತವು. ಆಮೇಲಿನವನ್ನೂ ಅದೇ ಕ್ರಮದಲ್ಲಿ ಓದುತ್ತಿದ್ದೇನೆ. ಹೈಸ್ಕೂಲು ಮುಗಿದು ಕೆಲಸ ಸಿಕ್ಕಿದೆ, ಇನ್ನೂ ಮದುವೆಯಾಗಿಲ್ಲ. ಅಂದರೆ ಕ್ರಮ ಸರಿ ಇದ್ದ ಹಾಗಿದೆ.

ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯ ಫೈಲು ಯಾವುದು ಗೊತ್ತಾ? ಅದರಲ್ಲಿ ನೆನಪಿಲ್ಲ. ಅ ಆ ಇ ಈ ಉ ಊ. ಆಮೇಲೆ ಅದೇ ಇನ್ನೊಂದು ಸಲ. ಮೂರನೇ ಸಲ ಅಮ್ಮನ ಹೆಸರು, ತಪ್ಪು ಕಾಗುಣಿತದಲ್ಲಿ. ನಾಲ್ಕನೇ ಸಲ ಸರಿಯಾಗಿ.

ಅಕ್ಷರಪ್ರೀತಿ ಮೇಡಂ, ಆ ಫೈಲಿನಲ್ಲಿ ಋ ಇರಬೇಕಾದ ಕಡೆ ಒಂದು ಚೌಕ ಬರುತ್ತಿದೆ. ಪರಿವರ್ತಕದ ತಪ್ಪೋ, ಅಪ್ಪ ಒತ್ತಿದ್ದೇ ತಪ್ಪೋ?

ಅಕ್ಷರಪ್ರೀತಿ | ಶುಕ್ರವಾರ ಬೆಳಿಗ್ಗೆ 6:10

ಪರಿವರ್ತಕದ್ದೇ ಇರಬೇಕು, ಋ ಅದಕ್ಕೆ ಯಾವಾಗಲೂ ಕಷ್ಟ. ಮೂಲ ಫೈಲಿನಲ್ಲಿ ಆ ಜಾಗದ ಸಂಕೇತ ಏನಿದೆ ಅಂತ ನೋಡಿ ಹೇಳಿ, ನನ್ನ ಹತ್ತಿರ ಹಳೇ ಪಟ್ಟಿ ಇದೆ. ತಪ್ಪು ಕಾಗುಣಿತವನ್ನು ಮಾತ್ರ ತಿದ್ದಬೇಡಿ.

ಸುಮ್ನೆಓದುಗ | ಶುಕ್ರವಾರ ಬೆಳಿಗ್ಗೆ 7:02

ನಮ್ಮ ಮನೆಯ ಡೆಸ್ಕ್‌ಟಾಪ್ ತೆರೆದು ಕೂತಿದ್ದೇನೆ. ಆ ಬ್ಯಾಟರಿ ತೆಗೆಯುವಾಗ ಕರೆಂಟಿನ ವಯರು ಕಿತ್ತಿರಬೇಕಾ, ಇದ್ದರೂ ನಡೆಯುತ್ತಾ?

ತಂತಿಗಾರ | ಶುಕ್ರವಾರ ಬೆಳಿಗ್ಗೆ 7:04

ಕೀಳಿ! ಮೊದಲು ಕೀಳಿ, ಆಮೇಲೆ ಕೇಳಿ.